ಮಲಪ್ರಭೆಯ ದಂಡೆಯಲ್ಲಿ ಕಂಚಿಯ ನೆನಪು

ಬಾಗಲಕೋಟೆ ಮೂರು ನದಿಗಳ ಜಿಲ್ಲೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಇಲ್ಲಿ ಹರಿಯುತ್ತವೆ. 1997ರಲ್ಲಿ ಬಿಜಾಪುರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಒಂದೆಡೆ ಜೋಳ, ಕಬ್ಬು ಬೆಳೆಯುವ ಕಪ್ಪು ನೆಲ, ಇನ್ನೊಂದೆಡೆ ಕೆಂಪು ಮರಳುಗಲ್ಲಿನ ಬೆಟ್ಟಸಾಲು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಬೆಟ್ಟಗಳ ನಡುವೆ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಈಕೆಯ ಕಣಿವೆಯ ಊರುಗಳು.

ಚೆನ್ನೈಯಲ್ಲಿ ನೆಲೆಸಿರುವ ನಮಗೆ ಈ ಊರುಗಳು ಬಹಳ ದೂರ ಎನಿಸಬಹುದು. ಆದರೆ ಅವುಗಳ ಚರಿತ್ರೆಯ ಒಂದು ಭಾಗ ನಮ್ಮ ಪಕ್ಕದ ಕಂಚಿಯಲ್ಲಿಯೇ ಇದೆ. ಇಲ್ಲಿಯ ಸಂಗೀತ ಕಛೇರಿಗಳಲ್ಲಿ ನಾವು ಎಷ್ಟೋ ಸಲ ಕೇಳಿರುವ, ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿ ರಾಗದ ‘ವಾತಾಪಿ ಗಣಪತಿಂ’ ಕೃತಿಯ ವಾತಾಪಿ ಎಂದರೆ ಬಾದಾಮಿಯೇ. ಪಲ್ಲವರ ಸೇನಾಪತಿ ಪರಂಜ್ಯೋತಿ ಬಾದಾಮಿಯಿಂದ ತಂದ ಗಣಪತಿ ತಮಿಳುನಾಡಿನ ತಿರುಚೆಂಗಾಟ್ಟಂಗುಡಿಯಲ್ಲಿದ್ದಾನೆ ಎಂಬುದು ಜನರ ನಂಬಿಕೆ.

ಬಾದಾಮಿಯ ಕೋಟೆಯನ್ನು ಕಟ್ಟಿಸಿದವನು ಒಂದನೆಯ ಪುಲಕೇಶಿ. ಕ್ರಿ.ಶ. 543ರ ಬಂಡೆಗಲ್ಲಿನ ಶಾಸನ ಇದನ್ನು ಹೇಳುತ್ತದೆ. ಅಗಸ್ತ್ಯ ತೀರ್ಥದ ಮೇಲಿನ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳಿವೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ, ಮೂರನೆಯದರಲ್ಲಿ 578ರಲ್ಲಿ ಮಂಗಲೇಶ ಬರೆಸಿದ ಶಾಸನ, ನಾಲ್ಕನೆಯದರಲ್ಲಿ ಜೈನ ತೀರ್ಥಂಕರರು. ತ್ರಿಪದಿಯ ಮೊದಲ ಮಾದರಿಯನ್ನು ಉಳಿಸಿಕೊಟ್ಟ ಕಪ್ಪೆ ಅರಭಟ್ಟನ ಶಾಸನವೂ ಈ ಊರಿನಲ್ಲಿಯೇ ಇದೆ. ಜನಪದ ಗರತಿಯರ ಬೀಸುವ ಕಲ್ಲಿನ ಹಾಡುಗಳೂ ತ್ರಿಪದಿಗಳೇ ಅಲ್ಲವೇ?

ಉತ್ತರದ ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ರವಿಕೀರ್ತಿ ಐಹೊಳೆಯ ಮೇಗುಟಿ ಜಿನಾಲಯದಲ್ಲಿ 634ರಲ್ಲಿ ಬರೆಸಿದ. ಹೆಚ್ಚು ಕಾಲ ಕಳೆಯುವ ಮೊದಲೇ, 642ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ. ಪುಲಕೇಶಿಯ ಕಾಲ ಅಲ್ಲಿಗೆ ಮುಗಿಯಿತು. ಗೆದ್ದವನು ‘ವಾತಾಪಿಕೊಂಡ’ ಎನಿಸಿಕೊಂಡ. ಅವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ರಾಜಧಾನಿಯನ್ನು ಮರಳಿ ಪಡೆಯಲು ಚಾಲುಕ್ಯರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಸುಮಾರು ನೂರು ವರ್ಷಗಳ ನಂತರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡಿನ ಕಥೆ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅವನು ಊರನ್ನು ಸುಡಲಿಲ್ಲ. ಕೈಲಾಸನಾಥ ಎಂದು ನಾವು ಕರೆಯುವ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಈ ಮಾತನ್ನು ಆ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಲಾಗಿದೆ. ಎಂಟನೆಯ ಶತಮಾನದ ಕನ್ನಡ ಶಾಸನವೊಂದು ಚೆನ್ನೈನಿಂದ ಎರಡು ಗಂಟೆಯ ದಾರಿಯಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದವರು ರಾಣಿಯರು. ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ದೇವಾಲಯ. ಆಕೆಯ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ. ವಿರೂಪಾಕ್ಷ ದೇವಾಲಯಕ್ಕೂ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆಯನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಶಿಲ್ಪಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟುದನ್ನು ಇಲ್ಲಿನ ಶಾಸನ ಹೇಳುತ್ತದೆ. ಹಿಂದಿನ ದೊರೆ ವಿಜಯಾದಿತ್ಯ ಹಾಡುಗಾರರಿಗೆ ನೀಡಿದ್ದ ದತ್ತಿಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಇನ್ನೊಂದು ಶಾಸನ ತಿಳಿಸುತ್ತದೆ. ಯುದ್ಧ ಗೆದ್ದವನು ಗಂಡ. ಆ ಗೆಲುವನ್ನು ಶಿಲ್ಪಿಯ ಕೆಲಸವಾಗಿ, ಹಾಡುಗಾರರ ಅನ್ನವಾಗಿ ಮಾಡಿದವಳು ಹೆಂಡತಿ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಮುಖ ಮಾಡಿ ಹರಿಯುತ್ತಾಳೆ. ಉತ್ತರದ ನಾಗರ ಶೈಲಿಯ ಗಳಗನಾಥ, ದಕ್ಷಿಣದ ದ್ರಾವಿಡ ಶೈಲಿಯ ಸಂಗಮೇಶ್ವರ ಒಂದೇ ಅಂಗಳದಲ್ಲಿ ನಿಂತಿವೆ. ಯುನೆಸ್ಕೊ 1987ರಲ್ಲಿ ಈ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಇಲ್ಲಿಂದ ಹದಿಮೂರು ಕಿ.ಮೀ. ಆಚೆ ಐಹೊಳೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಈ ಊರಿನ ದುರ್ಗಾ ಗುಡಿಗೆ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದಲ್ಲಿದ್ದ ದುರ್ಗದಿಂದ, ಎಂದರೆ ಕೋಟೆಯಿಂದ.

ಗುಡಿಗಳನ್ನು ಕೊಟ್ಟ ನದಿಯೇ ಅವುಗಳಿಗೆ ಅಪಾಯವನ್ನೂ ತರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನೀರು ನುಗ್ಗಿತು. ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಹೊರಡಬೇಕಾಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಒಂದು ಭಾಗವೇ ಮುಳುಗಿ, ಜನ ನವನಗರಕ್ಕೆ ಹೋದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನಿಂದ ಉಳಿಸಲು ಸುತ್ತಲೂ ಗೋಡೆ ಎಬ್ಬಿಸಿದ್ದಾರೆ. ಭಕ್ತರು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಮಾಡುತ್ತಾರೆ. ಊರು, ಹೊಲ, ಗುಡಿ ಮೂರನ್ನೂ ಉಳಿಸಿಕೊಳ್ಳುವುದು ಹೇಗೆಂಬುದು ಈ ಜಿಲ್ಲೆಯ ಜನರ ಮುಂದಿರುವ ದೊಡ್ಡ ಪ್ರಶ್ನೆ.

ಹೆಣ್ಣುಮಕ್ಕಳು ಈ ಜಿಲ್ಲೆಗೆ ಹೋಗಿ ಬರಿಗೈಯಲ್ಲಿ ಬರುವಂತಿಲ್ಲ. ಇಳಕಲ್ಲಿನ ಸೀರೆಗೆ ಕೆಂಪು ಸೆರಗೇ ಗುರುತು. ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ವಿಶೇಷ. ಅದಕ್ಕೆ ಜೊತೆಯಾಗುವ ಕುಪ್ಪಸದ ಬಟ್ಟೆ ಗುಳೇದಗುಡ್ಡದ ಖಣ. ಬನದ ಹುಣ್ಣಿಮೆಗೆ ನಡೆಯುವ ಬನಶಂಕರಿ ಜಾತ್ರೆಯ ಹೊತ್ತಿಗೆ ಹೋದರೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ನಾಟಕ ಕಂಪನಿಗಳ ಸಡಗರ ಎಲ್ಲವೂ ಸಿಗುತ್ತವೆ.

ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಹೋದರೆ ಅಲ್ಲಿಂದ ಬಾದಾಮಿ ರಸ್ತೆಯಲ್ಲಿ ಸುಮಾರು ನೂರು ಕಿ.ಮೀ. ಬಿಸಿಲಿಗೆ ಕಲ್ಲು ಕಾಯುವ ನಾಡು ಇದು. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೂರು ದಿನವಾದರೂ ಇರಲಿ. ಆದರೆ ಅದಕ್ಕೂ ಮುನ್ನ ಒಂದು ಭಾನುವಾರ ಮಕ್ಕಳನ್ನು ಕಂಚಿಗೆ ಕರೆದೊಯ್ದು ಕೈಲಾಸನಾಥ ದೇವಾಲಯದ ಆ ಕನ್ನಡ ಅಕ್ಷರಗಳನ್ನು ತೋರಿಸಿ. ತಮಿಳು ನೆಲದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಎರಡೂ ನಾಡುಗಳು ತಮ್ಮವೇ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಆಮೇಲೆ ಪಟ್ಟದಕಲ್ಲಿಗೆ ಹೋಗಿ ಲೋಕಮಹಾದೇವಿಯ ಗುಡಿಯ ಮುಂದೆ ನಿಂತಾಗ, ಅಲ್ಲಿ ಏನನ್ನು ನೋಡಬೇಕೆಂದು ಅವರೇ ನಮಗೆ ಹೇಳುತ್ತಾರೆ.