ಮೇಘಬಿಂದುಮಾನ ವಿಚಾರ

2017ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳ ಯಲಹಂಕಗಳ ನಡುವಣ ಜಕ್ಕೂರಿನ ವಿಮಾನ ನಿಲ್ದಾಣದಿಂದ ಕರ್ಣಾಟಕ ಸರ್ಕಾರದ ‘ವರ್ಷಧಾರೆ’ ಎಂಬ ಮೋಡಬಿತ್ತನೆಯ ಕಾರ್ಯವು ಆರಂಭವಾಯಿತು. ಬಿತ್ತಿದುದರಿಂದ ಮಳೆ ಹೆಚ್ಚುವುದೋ, ಬರತಕ್ಕ ಮಳೆಯೇ ಬರುವುದೋ ಎಂಬುದು ಇಂತಹ ಕಾರ್ಯಗಳಲ್ಲೆಲ್ಲ ಏಳುವ ವಾದ. ನೆಲಕ್ಕೆ ಬಿದ್ದ ನೀರನ್ನು ಅಳೆದಮಾತ್ರಕ್ಕೆ ಇದು ತೀರತಕ್ಕುದಲ್ಲ. ಮೋಡದೊಳಗಣ ಹನಿಯನ್ನೇ ಅಳೆಯಬೇಕು.

ಬಿದ್ದ ನೀರನ್ನಳೆಯುವ ಕ್ರಮವು ನಮ್ಮಲ್ಲಿ ಪ್ರಾಚೀನವಾದುದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದಲ್ಲಿ ಅರತ್ನಿಯಗಲದ ಬಾಯುಳ್ಳ ಕುಂಡವನ್ನಿಡಬೇಕೆಂಬ ವಿಧಿಯುಂಟು. ವರಾಹಮಿಹಿರನು ಹಸ್ತವಿಸ್ತಾರದ ಕುಂಡವನ್ನೂ 50 ಪಲಗಳ ಆಢಕವನ್ನೂ ಹೇಳಿರುವನು. ಮೇಘಗರ್ಭದ ವಿಷಯದಲ್ಲಾದರೋ ಆತನು ಹೇಳುವುದು ಲಕ್ಷಣವನ್ನೇ ಹೊರತು ಮಾನವನ್ನಲ್ಲ. ಇಂದಿನ ಯಂತ್ರಗಳೆಲ್ಲ ಆ ಗ್ರಂಥಗಳಲ್ಲಿ ಅಡಗಿವೆಯೆಂದು ಸಾಧಿಸಹೊರಡುವುದು ಪೂರ್ವಿಕರಿಗೆ ಗೌರವವೆನಿಸಲಾರದು.

ಮೇಘಬಿಂದುವಿನ ವ್ಯಾಸವು ಸಾಮಾನ್ಯವಾಗಿ 10ರಿಂದ 20 ಮೈಕ್ರಾನು, ಎಂದರೆ ಮಿಲ್ಲಿಮೀಟರಿನ ಸಾವಿರದಲ್ಲಿ ಹತ್ತಿಪ್ಪತ್ತು ಭಾಗ. 20 ಮೈಕ್ರಾನಿನ ಹತ್ತು ಲಕ್ಷ ಬಿಂದುಗಳು ಕೂಡಿದರೆ 2 ಮಿಲ್ಲಿಮೀಟರಿನ ಒಂದು ಮಳೆಹನಿ. ಇದನ್ನಳೆಯಲು ಮೊದಲು ಬಳಸಿದುದು ಮುದ್ರೆಯ ಮಾರ್ಗ: ಎಣ್ಣೆಯನ್ನೋ ಮಸಿಯನ್ನೋ ಬಳಿದ ಗಾಜಿನ ಮೇಲೆ ಹನಿಗಳನ್ನು ಹಿಡಿದು ಸೂಕ್ಷ್ಮದರ್ಶಕದಿಂದ ನೋಡುವುದು. 1950ರಲ್ಲಿ ಮೇ ಎಂಬಾತನು ಮೆಗ್ನೀಸಿಯಂ ಭಸ್ಮದ ಲೇಪವನ್ನು ಪರೀಕ್ಷಿಸಿ, 20 ಮೈಕ್ರಾನಿಗೆ ಮೀರಿದ ಹನಿಯ ವ್ಯಾಸವು ಅದು ಕೊರೆದ ಕುಳಿಯ ವ್ಯಾಸದ 0.86ರಷ್ಟೆಂದು ನಿರ್ಣಯಿಸಿದನು. ಹನಿ ಕಿರಿದಾದಂತೆ ಈ ಅಂಕವೂ ಇಳಿಯುತ್ತದೆ. ಅತಿ ಕಿರಿಯ ಹನಿಗಳು ಗಾಳಿಯೊಡನೆ ಗಾಜನ್ನು ಬಳಸಿ ಹೋಗಿಬಿಡುವುದು ಬೇರೆ.

1970ರ ದಶಕದಲ್ಲಿ ಅಮೆರಿಕೆಯ ನೋಲೆನ್‌ಬರ್ಗನು ಲೇಸರ್ ಕಿರಣದ ಮಾರ್ಗವನ್ನು ತಂದನು. ಹನಿಯು ಕಿರಣವನ್ನು ದಾಟುವಾಗ ಮುಂದಕ್ಕೆ ಚೆದರುವ ಬೆಳಕಿನಿಂದ ಅದರ ಗಾತ್ರವನ್ನು ಊಹಿಸುವುದು ಇದರ ತತ್ತ್ವ. ಹಾರುತ್ತಿರುವಾಗಲೇ ಸಹಸ್ರಾರು ಹನಿಗಳನ್ನೆಣಿಸಬಹುದು. ಆದರೆ ಮೋಡವು ದಟ್ಟವಾದರೆ ಎರಡು ಹನಿಗಳು ಒಟ್ಟಿಗೆ ದಾಟಿ ಒಂದೆಂದೇ ಎಣಿಸಲ್ಪಡುತ್ತವೆ. 1978ರಲ್ಲಿ ಆಸ್ಟ್ರೇಲಿಯಾದ ಕಿಂಗ್ ಮೊದಲಾದವರು ವಿವರಿಸಿದ ಬಿಸಿತಂತಿಯು ಹನಿಯನ್ನೆಣಿಸುವುದೇ ಇಲ್ಲ. ತಂತಿಗೆ ತಗಲಿದ ನೀರನ್ನು ಆವಿಯಾಗಿಸಲು ವೆಚ್ಚವಾದ ಶಕ್ತಿಯಿಂದ ಒಟ್ಟು ನೀರನ್ನು ತಿಳಿಸುತ್ತದೆ. ದೊಡ್ಡ ಹನಿಗಳ ವಿಷಯದಲ್ಲಿ ಇದೂ ಕಡಮೆಯನ್ನೇ ತೋರಿಸುತ್ತದೆ.

ಈ ಎರಡನ್ನೂ ಒಂದೇ ವಿಮಾನದಲ್ಲಿಟ್ಟು ತಾಳೆ ನೋಡುವ ಪದ್ಧತಿ ಇದರಿಂದಲೇ ಹುಟ್ಟಿತು. ನೀರಿನ ಪರಿಮಾಣವು ವ್ಯಾಸದ ಘನವನ್ನನುಸರಿಸುವುದರಿಂದ, ವ್ಯಾಸದಲ್ಲಿ ನೂರಕ್ಕೆ 10 ಹೆಚ್ಚಾದರೆ ನೀರಿನಲ್ಲಿ ನೂರಕ್ಕೆ 33 ಹೆಚ್ಚುತ್ತದೆ. ಬಿಂದುಗಳ ಪರಿಣಾಮಕ ತ್ರಿಜ್ಯವು 12ರಿಂದ 14 ಮೈಕ್ರಾನು ಮುಟ್ಟಿದಾಗಲೇ ಮೋಡವು ಮಳೆಗೆ ಸಿದ್ಧವೆಂದು ಸಾಧಾರಣವಾಗಿ ಎಣಿಸುವರು. ಆದುದರಿಂದ ಯಂತ್ರದ ಒಂದೆರಡು ಮೈಕ್ರಾನುಗಳ ವ್ಯತ್ಯಾಸದಿಂದ ಬಿತ್ತಬೇಕಾದ ಮೋಡವು ಬೇಡವೆನಿಸಬಹುದು, ಬೇಡವಾದುದು ಬೇಕೆನಿಸಬಹುದು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು 2009ರಲ್ಲಿ ಬೆಂಗಳೂರೂ ಸೇರಿದಂತೆ ಹಲವೆಡೆಗಳಿಂದ ವಿಮಾನವೇರಿ ಭಾರತದ ಮೋಡಗಳನ್ನಳೆದಾಗ, ಬಿತ್ತನೆಗೆ ಮುನ್ನ ವೀಕ್ಷಣೆಯನ್ನೇ ಮೊದಲ ಘಟ್ಟವಾಗಿರಿಸಿಕೊಂಡುದು ಯುಕ್ತವಾಗಿತ್ತು. ಇಂತಹ ಬೆಳಕಿನ ಯಂತ್ರಗಳನ್ನು ಗೊತ್ತಾದ ಗಾತ್ರದ ಗಾಜಿನ ಮಣಿಗಳಿಂದ ಒರೆಗೆ ಹಚ್ಚುವರು. ಗಾಜು ಬೆಳಕನ್ನು ನೀರಿಗಿಂತ ಬೇರೆಯಾಗಿ ಬಾಗಿಸುವುದರಿಂದ, ಅಲ್ಲಿಯೂ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗುತ್ತದೆ.