ದೊಡ್ಡ ಗಣೇಶ್: 4 ಟೆಸ್ಟ್‌ಗೆ ಮುಗಿಯದ ಲೆಕ್ಕ

ಬೆಂಗಳೂರಿನ ದೊಡ್ಡ ಗಣೇಶ್ ಶುರು ಮಾಡಿದ್ದು ವಿಕೆಟ್ ಕೀಪರ್ ಆಗಿ. ಬೌಲಿಂಗ್ ಮಾಡು ಅಂದವರು ಜಿ.ಆರ್. ವಿಶ್ವನಾಥ್. 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಮೊದಲ ಟೆಸ್ಟ್; ಅದೇ ವರ್ಷ ಭಾರತದ ಪರ ಆಟವೇ ಮುಗಿಯಿತು. 4 ಟೆಸ್ಟ್, 5 ವಿಕೆಟ್, ಒಂದೇ ಏಕದಿನ ಪಂದ್ಯ. ಪೈಪೋಟಿ ಇದ್ದಿದ್ದು ನಮ್ಮದೇ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಜೊತೆ, ಏನ್ ಮಾಡೋದು?

ಆದರೆ ಟೆಸ್ಟ್ ಲೆಕ್ಕದಲ್ಲೇ ಬೌಲರ್‌ನನ್ನು ಅಳೆಯೋದು ಅನ್ಯಾಯ. 1990ರ ದಶಕದಲ್ಲಿ ಕರ್ನಾಟಕ ಮೂರು ಸಲ ರಣಜಿ ಗೆದ್ದಾಗ, ದೊಡ್ಡ ಹೆಸರುಗಳು ದೇಶದ ಪರ ಆಡಲು ಹೋದ ದಿನಗಳಲ್ಲಿ ಓವರ್ ಮೇಲೆ ಓವರ್ ಹಾಕಿದ್ದು ಇಂಥವರು. ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್ 365.

2007ರಲ್ಲಿ ನಿವೃತ್ತಿ. ಆಮೇಲೆ ಕೋಚಿಂಗ್, ನಡುವೆ ಜೆಡಿಎಸ್. 2024ರ ಆಗಸ್ಟ್‌ನಲ್ಲಿ ಕೀನ್ಯಾ ತಂಡದ ಕೋಚ್ ಆದರು; ನೇಮಕಾತಿ ಕ್ರಮಬದ್ಧವಾಗಿಲ್ಲ ಎಂದು ಅಲ್ಲಿನ ಮಂಡಳಿ ಸುಮಾರು ಒಂದು ತಿಂಗಳಲ್ಲೇ ಕೈಬಿಟ್ಟಿತು.