ನಮಾಜಿಗೆ ಎಬ್ಬಿಸಿದ ಸೈತಾನ

ನಮ್ಮ ಮುಂಬಯಿಯಲ್ಲಿ ತುಂಟ ಮಕ್ಕಳನ್ನು ಮುದ್ದಿನಿಂದಲೇ 'ಶೈತಾನ್' ಅಂತ ಗದರುತ್ತಾರೆ. ಕನ್ನಡದ 'ಸೈತಾನ'ನಿಗೆ ಆ ಸಲಿಗೆ ಇಲ್ಲ. ಪದ ಮಾತ್ರ ಒಂದೇ, ಅರಬ್ಬಿಯದು. ಅಲ್ಲಿ ಅದು ಇಡೀ ಒಂದು ಗುಂಪಿನ ಹೆಸರೂ ಹೌದು. ಆ ಗುಂಪಿನ ಯಜಮಾನ ಇಬ್ಲಿಸ್.

ಕುರಾನಿನ ಕತೆ ಚಿಕ್ಕದು. ಮಣ್ಣಿನಿಂದ ಆದಮನನ್ನು ಮಾಡಿದ ದೇವರು, ಇವನಿಗೆ ಅಡ್ಡಬೀಳಿ ಅಂತ ದೇವದೂತರಿಗೆ ಅಪ್ಪಣೆ ಮಾಡಿದ. ಎಲ್ಲರೂ ಬಿದ್ದರು, ಇಬ್ಲಿಸ್ ಬೀಳಲಿಲ್ಲ. ತಾನು ಬೆಂಕಿಯಿಂದಾದವನು, ಮಣ್ಣಿನವನಿಗಿಂತ ಮೇಲು ಅನ್ನುವುದು ಅವನ ವಾದ. (ಹುಟ್ಟು ನೋಡಿ ಮೇಲು ಕೀಳು ಎಣಿಸುವ ಚಾಳಿ ಎಷ್ಟು ಹಳೆಯದು ನೋಡಿ!) ಆದರೆ ಅಪ್ಪಣೆ ದೇವದೂತರಿಗಲ್ಲವೆ? ಇವನೂ ದೇವದೂತನೆ? 18ನೇ ಅಧ್ಯಾಯ ಅವನನ್ನು ಜಿನ್ನ್‌ಗಳಲ್ಲೊಬ್ಬ ಅನ್ನುತ್ತದೆ. ಬಸ್ರಾದ ಹಸನ್ (ನಿಧನ 728) ಅವನು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತೂ ದೇವದೂತನಾಗಿರಲಿಲ್ಲ ಅಂದರು. ದೇವದೂತನೇ ಆಗಿದ್ದ ಅಂದವರೂ ಇದ್ದರು.

922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಹಲ್ಲಾಜ್ ಈ ಕತೆಯನ್ನು ಬೇರೆಯೇ ಕಡೆಯಿಂದ ನೋಡಿದರು. ದೇವರೊಬ್ಬನನ್ನೇ ನಂಬಿದವನು ಇನ್ನೊಬ್ಬರಿಗೆ ಹೇಗೆ ಅಡ್ಡಬಿದ್ದಾನು? ಅವರ ಇಬ್ಲಿಸ್, ಪ್ರಿಯನಿಗಾಗಿ ಶಾಪವನ್ನೂ ಹೊತ್ತ ಪ್ರೇಮಿ. ಇದೇ ದಾರಿಯಲ್ಲಿ ಬರೆದ ಹಮದಾನಿನ ಐನುಲ್ ಕುಜಾತ್ ಕೂಡ 1131ರಲ್ಲಿ ಮರಣದಂಡನೆಗೆ ಗುರಿಯಾದರು. ಇಬ್ಬರಿಗೂ ಶಿಕ್ಷೆಯಾದದ್ದು ಇದೊಂದೇ ಕಾರಣಕ್ಕಲ್ಲ, ನಿಜ. ಆದರೂ ಇದು ಸುಲಭಕ್ಕೆ ಆಡುವ ಮಾತಾಗಿರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ರೂಮಿ (ನಿಧನ 1273) ಮಸ್ನವಿಯಲ್ಲಿ ಹೇಳುವ ಕತೆ. ಖಲೀಫ ಮುಆವಿಯಾ ಮಲಗಿದ್ದಾರೆ. ಯಾರೋ ಬಂದು ಎಬ್ಬಿಸುತ್ತಾರೆ, ನಮಾಜಿಗೆ ಹೊತ್ತಾಯಿತು, ಏಳಿ ಅಂತ. ನೋಡಿದರೆ ಇಬ್ಲಿಸ್! ಕಳ್ಳನೇ ಬಂದು ಮನೆ ಕಾಯುತ್ತೇನೆ ಅಂದರೆ ಯಾರು ನಂಬುತ್ತಾರೆ? ನಿಜ ಹೇಳು ಅಂತ ಮುಆವಿಯಾ ಪಟ್ಟು ಹಿಡಿಯುತ್ತಾರೆ. ನಾನೂ ಒಮ್ಮೆ ದೇವದೂತರ ಜೊತೆಗಿದ್ದವನು, ಹಳೆಯ ಪ್ರೀತಿ ಹೋಗುತ್ತದೆಯೇ ಅಂತ ಇಬ್ಲಿಸ್ ಕರಗಿಸುವಂತೆ ಮಾತಾಡುತ್ತಾನೆ. ಅಂದರೆ ಹಲ್ಲಾಜರ ಪ್ರೇಮಿಯ ವಾದವೇ ಇಲ್ಲಿ ಸೈತಾನನ ಕೈಯ ಉಪಾಯ! ಕೊನೆಗೆ ಬಾಯಿ ಬಿಡುತ್ತಾನೆ. ನಮಾಜು ತಪ್ಪಿದ್ದರೆ ಮುಆವಿಯಾ ಪಶ್ಚಾತ್ತಾಪದಿಂದ ಒಂದು ನಿಟ್ಟುಸಿರು ಬಿಡುತ್ತಿದ್ದರು. ಅದರ ಬೆಲೆ ನೂರಾರು ನಮಾಜುಗಳಿಗಿಂತ ಹೆಚ್ಚು. ಅದು ಅವರಿಗೆ ದಕ್ಕಬಾರದು ಅಂತಲೇ ಎಬ್ಬಿಸಿದ್ದು.

1932ರಲ್ಲಿ ಇಕ್ಬಾಲರು ಬರೆದ 'ಜಾವೀದ್ ನಾಮಾ'ದಲ್ಲಿ ಹಲ್ಲಾಜ್ ಇದ್ದಾರೆ, ಇಬ್ಲಿಸನೂ ಬರುತ್ತಾನೆ. ಅಲ್ಲಿ ಅವನದು ದೇವರ ಮುಂದೆ ಒಂದೇ ಗೋಳು: ಈ ಮನುಷ್ಯರು ತೀರಾ ಸುಲಭದ ಬೇಟೆ, ನನ್ನ ಕತ್ತು ಹಿಸುಕಬಲ್ಲ ಒಬ್ಬನನ್ನಾದರೂ ಕೊಡು ಅಂತ.